ಕಾಡಂಚಿನ ಒಂದು ಖಾಕಿ ಅಂಗಿ

ಕನ್ನಡದಲ್ಲಿ ಬಟ್ಟೆಯನ್ನು ಕುರಿತ ಎರಡು ಪದಗಳನ್ನು ಅಕ್ಕಪಕ್ಕದಲ್ಲಿ ಇರಿಸಿ ನೋಡಿದರೆ ಅವುಗಳ ನಡುವೆ ಒಂದು ಸಾಮಾಜಿಕ ಇತಿಹಾಸವೇ ಅಡಗಿರುವುದು ಕಾಣುತ್ತದೆ. ಒಂದು ‘ಉಡುಗೊರೆ’, ಮತ್ತೊಂದು ‘ಸಮವಸ್ತ್ರ’. ಇಂದು ಲೇಖನಿ ಕೊಟ್ಟರೂ ಗಡಿಯಾರ ಕೊಟ್ಟರೂ ಅದು ಉಡುಗೊರೆಯೇ. ಆದರೆ ಪದದ ಹೊಟ್ಟೆಯಲ್ಲಿ ‘ಉಡು’ ಎಂಬ ಧಾತು ಇನ್ನೂ ಉಸಿರಾಡುತ್ತಿದೆ. ಅರಸು ತನ್ನವರಿಗೆ ಉಡಲು ಬಟ್ಟೆ ಕೊಡುವುದು ಮನ್ನಣೆಯ ಕ್ರಮವಾಗಿತ್ತು. ವಿಜಯನಗರದ ಆಸ್ಥಾನದಲ್ಲಿ ಮೆರೆದ ಕುಲ್ಲಾಯಿ ಎಂಬ ಟೊಪ್ಪಿಗೆ, ಕಬಾಯಿ ಎಂಬ ನಿಲುವಂಗಿಗಳು ಕೇವಲ ಅಲಂಕಾರವಾಗಿರಲಿಲ್ಲ. ತೊಟ್ಟವನು ಯಾವ ಲೋಕಕ್ಕೆ ಸೇರಿದವನು ಎಂಬುದನ್ನು ಅವು ಸಾರುತ್ತಿದ್ದವು. ಉಡುಗೊರೆಯನ್ನು ಸ್ವೀಕರಿಸಿದವನು ಕೊಟ್ಟವನ ಮನುಷ್ಯನಾಗುತ್ತಿದ್ದ, ನಿಜ. ಆದರೆ ಬಟ್ಟೆ ಮಾತ್ರ ಅವನದೇ ಆಗಿ ಉಳಿಯುತ್ತಿತ್ತು.

‘ಸಮವಸ್ತ್ರ’ದ ದಾರಿ ಬೇರೆ. ಅದು ಆಧುನಿಕ ಆಡಳಿತದೊಂದಿಗೆ ಬಂದ ಪದ. ‘ಯೂನಿಫಾರ್ಮ್’ ಎಂಬುದಕ್ಕೆ ಸಂವಾದಿಯಾಗಿ ನಿಂತದ್ದು. ಇಂಗ್ಲಿಷಿನ ಪದ ‘ಒಂದೇ ರೂಪ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಕನ್ನಡದ ‘ಸಮ’ಕ್ಕೆ ಒಂದೇ ಬಗೆಯದು ಎಂಬ ಅರ್ಥವೂ ಇದೆ, ಸಮಾನವಾದುದು ಎಂಬ ಅರ್ಥವೂ ಇದೆ. ಹೀಗೆ ಮೂಲಪದ ಕೊಡದೇ ಇದ್ದ ಒಂದು ಭರವಸೆಯನ್ನು ಕನ್ನಡ ಪದವು ತನ್ನ ಮೇಲೆ ಎಳೆದುಕೊಂಡಿದೆ. ಆ ಭರವಸೆ ಎಷ್ಟರಮಟ್ಟಿಗೆ ಈಡೇರಿದೆ ಎಂಬುದನ್ನು ನಿಘಂಟಿನಲ್ಲಿ ಹುಡುಕಿದರೆ ಸಾಲದು. ಸಮವಸ್ತ್ರ ತೊಟ್ಟವರ ಮೈಮೇಲೆ ಹುಡುಕಬೇಕು.

ನಾಗರಹೊಳೆಯ ಕಾಡಂಚಿನಲ್ಲಿ ಪ್ರವಾಸಿಗರಿಗಾಗಿ ನಡೆಯುವ ಒಂದು ಹೊರಾಂಗಣ ಚಟುವಟಿಕೆಗಳ ಕೇಂದ್ರ. ಬೆಳಗಿನ ಪಕ್ಷಿವೀಕ್ಷಣೆಯ ನಡಿಗೆ, ಮಧ್ಯಾಹ್ನ ಮರದಿಂದ ಮರಕ್ಕೆ ಕಟ್ಟಿದ ಹಗ್ಗದ ಸೇತುವೆಗಳ ಸಾಹಸ, ಸಂಜೆ ಹಿನ್ನೀರಿನಲ್ಲಿ ಹರಿಗೋಲು. ಹತ್ತಿರದ ಹಾಡಿಯೊಂದರ ಜೇನುಕುರುಬ ಯುವಕನಿಗೆ ಅಲ್ಲಿ ಗೈಡ್ ಕೆಲಸ ದೊರೆಯಿತು. ಪದವಿ ತರಗತಿಯನ್ನು ಎರಡನೆಯ ವರ್ಷಕ್ಕೆ ಬಿಟ್ಟಿದ್ದವನು. ಹಕ್ಕಿಯ ಕೂಗು ಕೇಳಿಯೇ ಅದರ ಹೆಸರು ಹೇಳಬಲ್ಲವನು. ಮೊದಲ ದಿನ ಉಗ್ರಾಣದವರು ಅವನಿಗೆ ಎರಡು ಅಂಗಿ, ಎರಡು ಪ್ಯಾಂಟು, ಒಂದು ಟೋಪಿ, ಒಂದು ಬೆಲ್ಟು ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡರು. ಕೆಲಸ ಬಿಡುವಾಗ ಎಲ್ಲವನ್ನೂ ಹಿಂತಿರುಗಿಸಬೇಕು, ಇಲ್ಲವಾದರೆ ಬೆಲೆಯನ್ನು ಸಂಬಳದಲ್ಲಿ ಮುರಿದುಕೊಳ್ಳಲಾಗುವುದು ಎಂದು ಅದರಲ್ಲಿ ಬರೆದಿತ್ತು. ಅಂಗಿಯ ಬಣ್ಣ ಹಸಿರು ಬೆರೆತ ಖಾಕಿ. ಎಡಜೇಬಿನ ಮೇಲೆ ಕೇಂದ್ರದ ಲಾಂಛನ, ಬಲಜೇಬಿನ ಮೇಲೆ ‘ಗೈಡ್’ ಎಂಬ ಕಸೂತಿ. ಹೆಸರಿಗೆಂದು ಜಾಗವಿರಲಿಲ್ಲ.

ಆ ಸಂಜೆ ಅವನು ಅದೇ ಉಡುಪಿನಲ್ಲಿ ಹಾಡಿಗೆ ನಡೆದ. ಮನೆಯವರಿಗೆ ತೋರಿಸಬೇಕೆಂಬ ಸಹಜವಾದ ಸಂಭ್ರಮ. ಮಬ್ಬುಗತ್ತಲು, ನಾಯಿಗಳು ಬೊಗಳಿದವು. ಒಲೆಯ ಮುಂದೆ ಕೂತಿದ್ದ ಅಜ್ಜಿ ಬಾಗಿಲಿನ ಸಂದಿಯಿಂದ ಟೋಪಿಯನ್ನೂ ಅಂಗಿಯನ್ನೂ ಕಂಡಳು. ಜೇನಿನ ಡಬ್ಬಿಯನ್ನು ಗೋಣಿಚೀಲದ ಕೆಳಕ್ಕೆ ಸರಿಸಿ, ಸೆರಗು ಹೊದ್ದು ಹೊರಗೆ ಬಂದು ತಲೆ ತಗ್ಗಿಸಿ ನಿಂತಳು. “ಗಂಡಸ್ರು ಯಾರೂ ಇಲ್ಲ ಸ್ವಾಮಿ, ಕೂಲಿಗೆ ಹೋಗವ್ರೆ” ಎಂದಳು. ಅವನು “ಅಜ್ಜೀ, ನಾನು ಕಣಜ್ಜಿ” ಎಂದಾಗ ಅವಳು ತಲೆಯೆತ್ತಿ ನೋಡಿದಳು, ನಗಲಿಲ್ಲ. ಒಳಗೆ ಹೋಗಿ ಡಬ್ಬಿಯನ್ನು ಮತ್ತೆ ಮೊದಲಿದ್ದ ಜಾಗದಲ್ಲಿ ಇಟ್ಟಳು. ಕೇಂದ್ರದ ಉಡುಪನ್ನು ಆಯ್ದವರು ಈ ಬಣ್ಣ ಕಾಡಿಗೆ ಹೊಂದುತ್ತದೆ ಎಂದು ಯೋಚಿಸಿದ್ದರು. ಕಾಡಿನವರಿಗೆ ಅದು ಏನನ್ನು ನೆನಪಿಸುತ್ತದೆ ಎಂದು ಕೇಳಿರಲಿಲ್ಲ.

ಈ ಬಣ್ಣದ ಹಿಂದಿನ ಹೆಜ್ಜೆಗಳನ್ನು ಅರಸುತ್ತ ಹೋದರೆ ದಾರಿ ಮೊದಲು ಪೇಶಾವರಕ್ಕೆ ಹೋಗುತ್ತದೆ. ಫಾರಸಿಯ ‘ಖಾಕ್’ ಎಂದರೆ ಧೂಳು, ಮಣ್ಣು. ‘ಖಾಕಿ’ ಎಂದರೆ ಧೂಳಿನ ಬಣ್ಣದ್ದು. 1846ರಲ್ಲಿ ಹ್ಯಾರಿ ಲಮ್ಸ್‌ಡನ್ ಎಂಬ ಬ್ರಿಟಿಷ್ ಅಧಿಕಾರಿ ವಾಯವ್ಯ ಗಡಿಯಲ್ಲಿ ಸ್ಥಳೀಯರನ್ನು ಸೇರಿಸಿಕೊಂಡು ‘ಕೋರ್ ಆಫ್ ಗೈಡ್ಸ್’ ಎಂಬ ಪಡೆಯನ್ನು ಕಟ್ಟಿದ. ಬೆಟ್ಟಗುಡ್ಡಗಳ ದಾರಿ ಬಲ್ಲವರು, ಸುದ್ದಿ ತರಬಲ್ಲವರು, ಹೊರಗಿನ ಸೈನ್ಯಕ್ಕೆ ಮುಂದೆ ನಿಂತು ದಾರಿ ತೋರಬಲ್ಲವರು ಈ ಪಡೆಯಲ್ಲಿದ್ದರು. ಕೆಂಪು ಕೋಟು ತೊಟ್ಟ ಸಿಪಾಯಿ ಆ ಬೋಳುಗುಡ್ಡಗಳಲ್ಲಿ ದೂರದಿಂದಲೇ ಗುರಿಯಾಗುತ್ತಿದ್ದ. ಆದ್ದರಿಂದ ಸ್ಥಳೀಯ ಹತ್ತಿಬಟ್ಟೆಗೆ ನೆಲದ ಬಣ್ಣ ಹಾಕಿ ಸಡಿಲವಾದ ಉಡುಪನ್ನು ಕೊಡಲಾಯಿತು. 1857ರ ದಂಗೆಯ ವೇಳೆಗೆ ಬೇರೆ ಪಡೆಗಳೂ ತಮ್ಮ ಬಿಳಿಯ ಉಡುಪನ್ನು ಸಿಕ್ಕಿದ ಸಾಮಗ್ರಿಯಿಂದ ಮಾಸಲು ಬಣ್ಣಕ್ಕೆ ತಿರುಗಿಸಿಕೊಂಡವು. ಹೀಗೆ ಖಾಕಿಯನ್ನು ಮೊದಲು ತೊಟ್ಟವರು ದಾರಿ ತೋರುವವರು ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ನೆಲವನ್ನು ಬಲ್ಲವನಿಗೆ ನೆಲದ ಬಣ್ಣದ ಅಂಗಿ ತೊಡಿಸಿ, ಆ ನೆಲವನ್ನು ಆಳಬಯಸುವವನ ಮುಂದೆ ನಡೆಸುವ ಪದ್ಧತಿ ಅಲ್ಲಿ ಆರಂಭವಾಯಿತು.

ಎರಡನೆಯ ದಾರಿ ಕನ್ನಡನಾಡಿಗೇ ಬರುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕನ್ನಡ ವಿದ್ಯಾರ್ಥಿಗಳಿಗೆ ಸುಪರಿಚಿತ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’, 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟು ಎರಡೂ ಆ ಸಂಸ್ಥೆಯ ಆಶ್ರಯದ ಫಲಗಳೇ. ಸಾಹಿತ್ಯದ ಇತಿಹಾಸ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಅದೇ ಸಂಸ್ಥೆಯ ನೇಯ್ಗೆ ಕಾರ್ಖಾನೆಯ ಕಡೆಗೆ ತಿರುಗುವುದಿಲ್ಲ. ಮತಾಂತರಗೊಂಡವರು ಜಾತಿಯಿಂದಲೂ ಕುಲವೃತ್ತಿಯಿಂದಲೂ ಹೊರಬಿದ್ದಾಗ ಅವರ ಹೊಟ್ಟೆಪಾಡಿಗಾಗಿ ಮಿಷನ್ ನೇಯ್ಗೆಯನ್ನೂ, ಮುಂದೆ 1865ರಲ್ಲಿ ಹೆಂಚಿನ ಉದ್ಯಮವನ್ನೂ ಆರಂಭಿಸಿತು. 1851ರಲ್ಲಿ ಬಂದ ಜಾನ್ ಹಾಲರ್ ಎಂಬ ನೇಯ್ಗೆ ತಜ್ಞ ಹೊಸ ಬಗೆಯ ಮಗ್ಗವನ್ನು ಬಳಕೆಗೆ ತಂದುದಲ್ಲದೆ ಖಾಕಿ ಬಣ್ಣದ ಒಂದು ಪಾಕವನ್ನೂ ಸಿದ್ಧಪಡಿಸಿದನೆಂದು ಮಿಷನ್ನಿನ ಇತಿಹಾಸವನ್ನು ಬರೆದವರು ಹೇಳುತ್ತಾರೆ. ಅವರ ಪ್ರಕಾರ ಕೆನರಾ ಜಿಲ್ಲೆಯ ಪೊಲೀಸರು ಆ ಬಟ್ಟೆಯನ್ನು ತೊಟ್ಟರು. ಮುಂದೆ ಲಾರ್ಡ್ ರಾಬರ್ಟ್ಸ್ ಬಲ್ಮಠದ ಕಾರ್ಖಾನೆಗೆ ಬಂದು ನೋಡಿ ಸೈನಿಕರಿಗೂ ಅದನ್ನು ಶಿಫಾರಸು ಮಾಡಿದ. ಕೆಲಸ ಕಳೆದುಕೊಂಡವರ ಕೈ ನೇಯ್ದ ಬಟ್ಟೆ ಅಧಿಕಾರದ ಮೈಯನ್ನು ಹೊದಿಸಿತು. ಒಂದೇ ಸಂಸ್ಥೆ ಕನ್ನಡಕ್ಕೆ ಅದರ ದೊಡ್ಡ ನಿಘಂಟನ್ನು ಕೊಟ್ಟಿತು. ಕನ್ನಡಿಗರು ಅಂಜಿದ ಬಣ್ಣಕ್ಕೂ ಒಂದು ಪಾಕ ಕೊಟ್ಟಿತು.

ಪೊಲೀಸರು, ಅರಣ್ಯ ರಕ್ಷಕರು, ಅಂಚೆಯವರು, ಬಸ್ಸಿನ ಚಾಲಕ ನಿರ್ವಾಹಕರು, ಆಟೋ ಓಡಿಸುವವರು ಎಲ್ಲರ ಮೈಗೂ ಕ್ರಮೇಣ ಈ ಬಣ್ಣ ಇಳಿಯಿತು. ‘ಖಾದಿ, ಖಾಕಿ, ಕಾವಿ’ ಎಂಬ ಇಂದಿನ ಪತ್ರಿಕಾಭಾಷೆಯ ಪ್ರಾಸದಲ್ಲಿ ಮೂರೂ ಬಟ್ಟೆಗಳೇ. ಮೂರೂ ಅಧಿಕಾರದ ಹೆಸರುಗಳೇ. ಮನುಷ್ಯನನ್ನು ಹೇಳಬೇಕಾದಲ್ಲಿ ಅವನು ತೊಟ್ಟ ಬಣ್ಣವನ್ನು ಹೇಳಿ ಮುಗಿಸುವ ಲಕ್ಷಣೆ ಇದು. ಅಜ್ಜಿ ಅಂದು ಬಾಗಿಲಲ್ಲಿ ಕಂಡದ್ದೂ ಇದೇ ಲಕ್ಷಣೆಯನ್ನು. ಅವಳು ಮೊಮ್ಮಗನನ್ನು ನೋಡಲಿಲ್ಲ, ‘ಖಾಕಿ’ಯನ್ನು ನೋಡಿದಳು.

ಸೈನ್ಯದ ಬಣ್ಣ ವಿಹಾರದ ಬಣ್ಣವಾದುದು ಹೇಗೆ? ಇದರ ಮಧ್ಯದ ಕೊಂಡಿ ಬೇಡನ್ ಪೊವೆಲ್. ಭಾರತದಲ್ಲಿಯೂ ಆಫ್ರಿಕಾದಲ್ಲಿಯೂ ಸೈನಿಕನಾಗಿದ್ದ ಆತ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಶಿಬಿರವೊಂದನ್ನು ನಡೆಸಿದ. ಮರುವರ್ಷವೇ ಸ್ಕೌಟ್ ಚಳವಳಿಯ ಮೂಲಗ್ರಂಥ ಹೊರಬಂತು. ಗುಡಾರ ಹೂಡುವುದು, ಹೆಜ್ಜೆಗುರುತು ಓದುವುದು, ಹಗ್ಗಕ್ಕೆ ಗಂಟು ಹಾಕುವುದು, ನಕ್ಷೆ ಹಿಡಿದು ನಡೆಯುವುದು ಇವೆಲ್ಲ ಸೈನ್ಯದ ವಿದ್ಯೆಗಳು. ಶಿಬಿರದಲ್ಲಿ ಅವು ಶಿಕ್ಷಣವಾದವು, ಮನರಂಜನೆಯಾದವು. ಇಂದಿನ ಹೊರಾಂಗಣ ಕೇಂದ್ರಗಳ ಪಠ್ಯಕ್ರಮ ಬಹುಮಟ್ಟಿಗೆ ಅಲ್ಲಿಂದಲೇ ಬಂದದ್ದು. 1910ರಲ್ಲಿ ಹುಡುಗಿಯರ ಸಂಘಟನೆಗೆ ಹೆಸರಿಡಬೇಕಾದಾಗ ಆತ ಆರಿಸಿದ ‘ಗೈಡ್ಸ್’ ಎಂಬ ಹೆಸರು ವಾಯವ್ಯ ಗಡಿಯ ಆ ಖಾಕಿ ಪಡೆಯದೇ. ಸಮವಸ್ತ್ರ ಶ್ರೀಮಂತ ಬಡವರ ಭೇದವನ್ನು ಮರೆಮಾಡಿ ಸಮಾನತೆಗೆ ದಾರಿ ಮಾಡುತ್ತದೆ ಎಂಬ ವಾದವನ್ನೂ ಆತ ಮಂಡಿಸಿದ್ದ. ಅಂದರೆ ಕನ್ನಡದ ‘ಸಮ’ ಹೇಳುವ ಎರಡನೆಯ ಅರ್ಥ ಆ ಚಳವಳಿಯ ಮನಸ್ಸಿನಲ್ಲಿಯೂ ಇತ್ತು. ಒಂದು ಮಾತನ್ನು ಮಾತ್ರ ಸೇರಿಸಬೇಕು. ಸ್ಕೌಟ್ ಹುಡುಗರಲ್ಲಿ ಎಲ್ಲರೂ ಸಮವಸ್ತ್ರದವರೇ. ಚಟುವಟಿಕೆಗಳ ಕೇಂದ್ರದಲ್ಲಿ ಹಾಗಲ್ಲ. ಅಲ್ಲಿ ಕೆಲವರು ಇಷ್ಟಬಂದುದನ್ನು ತೊಟ್ಟು ಬರುತ್ತಾರೆ, ಕೆಲವರು ಕೊಟ್ಟದ್ದನ್ನು ತೊಟ್ಟು ಕಾಯುತ್ತಾರೆ.

ಹೀಗೆಂದ ಮಾತ್ರಕ್ಕೆ ಸಮವಸ್ತ್ರ ಕೇವಲ ಅಧಿಕಾರದ ಚಿಹ್ನೆ ಎಂದು ತೀರ್ಮಾನಿಸುವುದು ಅವಸರವಾದೀತು. ಬಯಲಿನ ಕೆಲಸದಲ್ಲಿ ಬಟ್ಟೆ ಒಂದು ಸಲಕರಣೆ. ಕಾಳಿ ನದಿಯಲ್ಲಿ ಗಣೇಶಗುಡಿಯ ಬಳಿ ರಾಫ್ಟಿಂಗ್ ನಡೆಸುವವರು ಕಿತ್ತಳೆ, ಕೆಂಪು, ಹಳದಿಯಂಥ ಕಣ್ಣು ಕುಕ್ಕುವ ಲೈಫ್ ಜಾಕೆಟ್ ತೊಡುತ್ತಾರೆ. ನೊರೆನೀರಿನಲ್ಲಿ ಬಿದ್ದವನು ಕ್ಷಣಮಾತ್ರದಲ್ಲಿ ಕಾಣಬೇಕು. ಕಾಡಿನಲ್ಲಿ ನಡೆಯುವವನು ಅದಕ್ಕೆ ವಿರುದ್ಧವಾಗಿ ಕಾಣದಂತಿರಬೇಕು. ಒಂದೇ ಕೇಂದ್ರದಲ್ಲಿ ಬೆಳಗ್ಗೆ ಪಕ್ಷಿನಡಿಗೆ, ಸಂಜೆ ಹರಿಗೋಲು ಮಾಡಿಸುವವನಿಗೆ ಒಂದೇ ಬಣ್ಣದ ಒಂದೇ ಅಂಗಿ ಸಾಲದು ಎಂಬುದು ಇದರಿಂದಲೇ ಸ್ಪಷ್ಟ. ಹತ್ತಿಬಟ್ಟೆ ಬಿಸಿಲಿಗೆ ಹಿತ. ಆದರೆ ಮಳೆಯಲ್ಲಿ ನೀರು ಕುಡಿದು ಭಾರವಾಗಿ, ಬೇಗ ಒಣಗದೆ ಮೈಯ ಕಾವನ್ನು ಹೀರುತ್ತದೆ. ಕೃತಕ ನೂಲಿನ ಬಟ್ಟೆ ಬೇಗ ಒಣಗುತ್ತದೆ. ಆದರೆ ಬೆಂಕಿಯ ಬಳಿ ಕಿಡಿ ಹಾರಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಮಲೆನಾಡಿನ ಮಳೆಗಾಲದಲ್ಲಿ ಇಂಬಳ ಸಾಮಾನ್ಯ ಕಾಲುಚೀಲದ ಹೆಣಿಗೆಯ ಸಂದಿಯಿಂದಲೂ ನುಸುಳುತ್ತದೆ. ಅದಕ್ಕೆ ಮೊಣಕಾಲಿನವರೆಗೆ ಬರುವ ಒತ್ತುನೇಯ್ಗೆಯ ಚೀಲವೇ ಬೇಕು. ಇಂಬಳ ಕಚ್ಚಿದರೆ ರಕ್ತ ಹೋದೀತು. ಉಣುಗು ಕಚ್ಚಿದರೆ ಜೀವವೇ ಹೋಗಬಹುದು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಹರಡುವುದು ಉಣುಗಿನ ಮೂಲಕ. ಸೌದೆಗೂ ದರಗಿಗೂ ಕಾಡು ಹೊಕ್ಕವರೇ ಅದಕ್ಕೆ ಹೆಚ್ಚಾಗಿ ಬಲಿಯಾದವರು. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಹತ್ತಿದ ಉಣುಗು ಕಣ್ಣಿಗೆ ಬೀಳುವಂಥ ತಿಳಿಬಣ್ಣ ಇವು ಇಲ್ಲಿ ಶಿಸ್ತಿನ ಮಾತಲ್ಲ, ಆರೋಗ್ಯದ ಮಾತು. ಅಂಗಿಯ ಮೇಲಿನ ಲಾಂಛನಕ್ಕೆ ಹಣ ಖರ್ಚು ಮಾಡಿ ಕಾಲುಚೀಲವನ್ನು ಮರೆಯುವ ಸಂಸ್ಥೆ ಸಮವಸ್ತ್ರವನ್ನು ಅತಿಥಿಯ ಕಣ್ಣಿಗಾಗಿ ಹೊಲಿಸಿದೆಯೇ ಹೊರತು ಕೆಲಸಗಾರನ ಮೈಗಾಗಿ ಅಲ್ಲ.

ಬಣ್ಣದ ವಿಷಯದಲ್ಲಿಯೂ ಮನುಷ್ಯ ತನ್ನ ಕಣ್ಣನ್ನೇ ಪ್ರಮಾಣವೆಂದು ನಂಬಿದ್ದಾನೆ. ಮನುಷ್ಯನ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಮೂರು ಬಗೆ. ಜಿಂಕೆ, ಆನೆಗಳಲ್ಲಿ ಎರಡೇ ಬಗೆ. ಮನುಷ್ಯನಿಗೆ ಕಿತ್ತಳೆಯಾಗಿ ಉರಿಯುವ ಹುಲಿ ಜಿಂಕೆಗೆ ಎಲೆಯ ನಡುವಿನ ಎಲೆಯಂತೆಯೇ ಕಾಣುತ್ತದೆ. ಹಕ್ಕಿಗಳಿಗೋ ನಾಲ್ಕು ಬಗೆಯ ಕೋಶಗಳು. ಮನುಷ್ಯನಿಗೆ ಕಾಣದ ಬಣ್ಣವೂ ಅವಕ್ಕೆ ಕಂಡೀತು. ಆದ್ದರಿಂದ ಖಾಕಿಯ ಮರೆ ಮೊದಲಿಗೆ ಮನುಷ್ಯನಿಂದ ಮನುಷ್ಯನಿಗೆ ಒದಗುವ ಮರೆ. ಯುದ್ಧಭೂಮಿಯಲ್ಲಿ ಹುಟ್ಟಿದ ಬಣ್ಣಕ್ಕೆ ಇದು ಸಹಜವೇ. ಇನ್ನು ವಾಸನೆಯನ್ನು ಮುಚ್ಚುವ ಬಣ್ಣ ಯಾವುದೂ ಇಲ್ಲ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೆನ್ಯಾದ ಅಂಬೊಸೆಲಿಯ ಆನೆಗಳನ್ನು ಕುರಿತು ಒಂದು ಸ್ವಾರಸ್ಯದ ಸಂಗತಿ ತಿಳಿಸಿತು. ಆನೆಗಳನ್ನು ಈಟಿಯಿಂದ ತಿವಿಯುವ ರೂಢಿಯಿದ್ದ ಮಸಾಯ್ ಜನ ತೊಟ್ಟ ಬಟ್ಟೆಯ ವಾಸನೆಗೆ ಆನೆಗಳು ಹೆದರಿ ದೂರ ಓಡಿದವು. ಬೇಸಾಯಗಾರರಾದ ಕಂಬಾ ಜನ ತೊಟ್ಟ ಬಟ್ಟೆಗೆ ಅಷ್ಟು ಹೆದರಲಿಲ್ಲ. ಯಾರೂ ತೊಡದ ಬಟ್ಟೆಯನ್ನೇ ಇಟ್ಟಾಗಲೂ ಮಸಾಯ್ ಜನರ ಕೆಂಪು ಬಣ್ಣದ ಬಟ್ಟೆಗೆ ಸಿಟ್ಟು ತೋರಿದವು. ಬಟ್ಟೆಯನ್ನು ನೋಡಿ ಜನವರ್ಗವನ್ನು ಗುರುತಿಸುವುದು, ಹಳೆಯ ನೋವನ್ನು ಬಣ್ಣದೊಂದಿಗೆ ಸೇರಿಸಿ ನೆನಪಿಡುವುದು ಮನುಷ್ಯನಿಗಷ್ಟೇ ಸೀಮಿತವಲ್ಲ ಎಂದಾಯಿತು. ಹಾಡಿಯ ಅಜ್ಜಿ ಜೇನಿನ ಡಬ್ಬಿಯನ್ನು ಅಡಗಿಸಿದ್ದು ಅಜ್ಞಾನದಿಂದಲ್ಲ, ಇಂಥ ನೆನಪಿನಿಂದ.

ಅವಳ ನೆನಪಿಗೆ ಚರಿತ್ರೆಯ ಆಧಾರವಿದೆ. ಮೈಸೂರು ಸಂಸ್ಥಾನದಲ್ಲಿ 1870ರ ದಶಕದಲ್ಲಿ ಜಿ. ಪಿ. ಸ್ಯಾಂಡರ್ಸನ್ ಆರಂಭಿಸಿದ ಖೆಡ್ಡಾ ಮುಂದೆ ಕಾಕನಕೋಟೆಯ ಕಾಡಿನಲ್ಲಿ ರಾಜವೈಭವದ ಪ್ರದರ್ಶನವಾಗಿ ಬೆಳೆಯಿತು. ಆನೆಯ ಜಾಡು ಹಿಡಿದವರು, ಹಿಂಡನ್ನು ಸುತ್ತುವರಿದು ಅಟ್ಟಿದವರು, ಹಿಡಿದ ಆನೆಯನ್ನು ಪಳಗಿಸಿದವರು ಕುರುಬರು. ಆ ಸಾಹಸದ ಚಿತ್ರಗಳಲ್ಲಿ ಅತಿಥಿಗಳ ಹೆಸರಿರುತ್ತದೆ, ಅವರ ಹೆಸರಿರುವುದಿಲ್ಲ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು; ಅದೇ ದಶಕದಲ್ಲಿ ಕಬಿನಿ ಜಲಾಶಯದ ನೀರು ಕಾಕನಕೋಟೆಯ ಕಾಡಿನ ಒಂದು ಭಾಗವನ್ನು ಆವರಿಸಿತು. ಅಜ್ಜಿಯ ತಂದೆ ಖೆಡ್ಡಾದಲ್ಲಿ ದುಡಿದವನು. ಅವಳ ಗಂಡ ಅದೇ ಕಾಡಿನಿಂದ ಹೊರಕ್ಕೆ ಬಂದು ಕೊಡಗಿನ ಕಾಫಿ ತೋಟದ ಕೂಲಿಯಾದವನು. ಹುಲಿಗಾಗಿ ಕಾಡು ಉಳಿಯಬೇಕೆಂಬುದರಲ್ಲಿ ತಕರಾರಿಲ್ಲ. ಉಳಿದಿರುವುದೂ ನಿಜ, ಅದನ್ನು ಉಳಿಸಿದವರಲ್ಲಿ ಖಾಕಿ ತೊಟ್ಟ ಬಡ ವಾಚರುಗಳ ಪಾಲು ದೊಡ್ಡದು. ಆದರೆ ಹಾಡಿಯ ಜನರಿಗೆ ಖಾಕಿ ಎಂದರೆ ನಿನ್ನೆಯವರೆಗೆ ನಡೆದ ದಾರಿಯಲ್ಲಿ ಇಂದು ನಿಂತು “ಎಲ್ಲಿಗೆ?” ಎಂದು ಕೇಳುವವನು. 2006ರ ಅರಣ್ಯ ಹಕ್ಕು ಕಾಯಿದೆ ಕಿರುಅರಣ್ಯ ಉತ್ಪನ್ನಗಳ ಮೇಲಿನ ಹಕ್ಕನ್ನು ಮಾನ್ಯ ಮಾಡಿದೆ. ಆದರೂ ಡಬ್ಬಿ ಸರಿಸುವ ಕೈ ಕಾಯಿದೆಯನ್ನು ಓದಿ ನಿಲ್ಲುವುದಿಲ್ಲ.

ಸಾಹಿತ್ಯವು ಈ ದಾರಿ ತೋರುವವನನ್ನು ಹೇಗೆ ಕಂಡಿದೆ ಎಂಬುದೂ ವಿಚಾರಾರ್ಹ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಶಿಕಾರಿ ಬರಹಗಳ ಲೋಕದಲ್ಲಿ ಬೈರ ಎಂಬ ಕಾಡುಜನರ ಬೇಟೆಗಾರ ಬರುತ್ತಾನೆ. ಅವನ ಮೈಮೇಲೆ ಲಂಗೋಟಿಯ ಹೊರತು ಬಟ್ಟೆಯಿಲ್ಲ. ಆದರೆ ಕಾಡಿನ ಓದು ಅವನದೇ. 1980ರಲ್ಲಿ ಬಂದ ‘ಕರ್ವಾಲೊ’ದಲ್ಲಿ ಹಾರುವ ಓತಿಯನ್ನು ಕಂಡವನು ಮಂದಣ್ಣ; ಊರಿನ ಕಣ್ಣಿಗೆ ನಿಷ್ಪ್ರಯೋಜಕನಾದ ಅವನಲ್ಲಿ ನಿಸರ್ಗದ ಅರಿವನ್ನು ಗುರುತಿಸಿದವರು ವಿಜ್ಞಾನಿ ಕರ್ವಾಲೊ. ಬೈರನಿಗಾಗಲಿ ಮಂದಣ್ಣನಿಗಾಗಲಿ ಸಮವಸ್ತ್ರವಿರಲಿಲ್ಲ, ಹುದ್ದೆಯ ಹೆಸರಿರಲಿಲ್ಲ. ಹೆಸರು ಮಾತ್ರ ಇತ್ತು. ಓದುಗರು ಇಂದಿಗೂ ಅವರನ್ನು ಹೆಸರಿನಿಂದಲೇ ನೆನೆಯುತ್ತಾರೆ. ಅಂಗಿಯ ಮೇಲೆ ‘ಗೈಡ್’ ಎಂದು ಬರೆಸಿಕೊಂಡ ಯುವಕನದು ಇದಕ್ಕೆ ತಿರುಗುಮುರುಗಾದ ಸ್ಥಿತಿ. ಹುದ್ದೆ ಬಂತು, ಹೆಸರು ಹೋಯಿತು. “ಗೈಡ್, ಇಲ್ಲಿ ಬಾ”, “ಗೈಡ್, ಹುಲಿ ಎಲ್ಲಿ?” ಎಂದು ಅತಿಥಿಗಳು ಕೂಗುವಾಗ ಅವರಲ್ಲಿ ದುರಭಿಪ್ರಾಯವೇನೂ ಇರುತ್ತಿರಲಿಲ್ಲ. ಜೇಬಿನ ಮೇಲೆ ಬರೆದಿದ್ದುದನ್ನು ಓದುತ್ತಿದ್ದರು, ಅಷ್ಟೆ.

ಆದರೂ ಆ ಅಂಗಿ ಅವನಿಗೆ ಕೊಟ್ಟದ್ದು ಕಡಿಮೆಯಲ್ಲ. ಅಪ್ಪನನ್ನು ಎರಡು ಬಾರಿ ತಡೆದು ನಿಲ್ಲಿಸಿದ್ದ ಚೆಕ್‌ಪೋಸ್ಟಿನಲ್ಲಿ ಅವನಿಗೆ ತಲೆಯಾಡಿಸಿ ದಾರಿ ಬಿಟ್ಟರು. ಬ್ಯಾಂಕಿನಲ್ಲಿ ಖಾತೆ ತೆರೆಯಲು ಹೋದಾಗ ಕುರ್ಚಿ ತೋರಿಸಿದರು. ಹಗ್ಗದ ಸೇತುವೆಯ ನಡುವೆ ಹೆದರಿ ನಿಂತ ಹುಡುಗಿಯೊಬ್ಬಳು ಅವನ ಅಂಗಿಯನ್ನು ನೋಡಿಯೇ ಅವನ ಮಾತಿಗೆ ಕಿವಿಗೊಟ್ಟಳು; ಹಾರ್ನೆಸ್ಸಿನ ಕೊಕ್ಕೆಯನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುವ ಹತ್ತು ಕ್ಷಣ ಅವಳ ಜೀವ ಅವನ ಕೈಯಲ್ಲಿತ್ತು. ಅಪಾಯದ ಹೊತ್ತಿನಲ್ಲಿ ಯಾರನ್ನು ಕೇಳಬೇಕು ಎಂಬುದು ಒಂದೇ ನೋಟಕ್ಕೆ ತಿಳಿಯಬೇಕು. ಸಮವಸ್ತ್ರದ ನಿಜವಾದ ಸಮರ್ಥನೆ ಇದ್ದರೆ ಅದು ಇಲ್ಲಿದೆ. ತೊಟ್ಟವನನ್ನು ಅಡಗಿಸುವುದು ಅದರ ಧರ್ಮವಲ್ಲ. ಅವನನ್ನು ನಂಬಲು ಒಂದು ಕಾರಣ ಕೊಡುವುದು ಅದರ ಧರ್ಮ.

ಹಾಗಾದರೆ ‘ಸಮ’ ಎಲ್ಲಿ ತಪ್ಪಿತು? ಅಲ್ಲಿ ಕಾಯಂ ನೌಕರನೂ ಆರು ತಿಂಗಳ ಗುತ್ತಿಗೆಯವನೂ ಒಂದೇ ಅಂಗಿ ತೊಡುತ್ತಿದ್ದರು. ಅತಿಥಿಗೆ ಇಬ್ಬರೂ ಒಂದೇ. ತಿಂಗಳ ಕೊನೆಯಲ್ಲಿ ಒಂದೇ ಅಲ್ಲ. ಅಂಗಿಯ ಅಳತೆಗಳು ಗಂಡಸರ ಮೈಗೆ ತೆಗೆದವು; ಹರಿಗೋಲಿನ ವಿಭಾಗಕ್ಕೆ ಬಂದ ಇಬ್ಬರು ಹೆಣ್ಣುಮಕ್ಕಳು ಮೊದಲ ವಾರವೇ ಸೂಜಿ ಹಿಡಿದು ಕೂತು ಭುಜವನ್ನೂ ಸೊಂಟವನ್ನೂ ತಾವೇ ತಿದ್ದಿಕೊಂಡರು. ಕೊಟ್ಟದ್ದು ಎರಡೇ ಜೊತೆ. ಮಳೆಗಾಲದಲ್ಲಿ ಒಂದು ಒದ್ದೆಯಾಗಿ, ಇನ್ನೊಂದು ಒಣಗದೆ ಉಳಿದಾಗ ಒದ್ದೆಯ ಅಂಗಿಯನ್ನೇ ತೊಟ್ಟು ಬೆಳಗಿನ ಐದೂವರೆಗೆ ನಿಲ್ಲಬೇಕು. ಕೊಳೆಯಾದ ಅಂಗಿಗೆ ದಂಡವಿತ್ತು. ಒಗೆಯುವ ಸೋಪು ಕೆಲಸಗಾರನ ಖರ್ಚು. ಇವೆಲ್ಲ ಸಣ್ಣ ಸಂಗತಿಗಳು. ಮೂರನೆಯ ಜೊತೆಯೊಂದು, ಹೆಣ್ಣಿನ ಅಳತೆಯೊಂದು, ಜೇಬಿನ ಮೇಲೆ ಹೆಸರಿಗೊಂದು ಪಟ್ಟಿ, ಬಣ್ಣ ಆರಿಸುವ ಮುನ್ನ ಹಾಡಿಯವರನ್ನು ಕೇಳುವ ಒಂದು ಮಾತು ಸಾಕಿತ್ತು. ಭಾಷೆ ಕೊಟ್ಟ ಭರವಸೆಯನ್ನು ಒಂದಿಷ್ಟಾದರೂ ಉಳಿಸಲು ದೊಡ್ಡ ಕ್ರಾಂತಿಯೇನೂ ಬೇಕಿರಲಿಲ್ಲ.

ಒಂದು ದಿನ ಪಕ್ಷಿನಡಿಗೆಯ ದಾರಿಯಲ್ಲಿ ಲಂಟಾನದ ಮುಳ್ಳಿಗೆ ಸಿಕ್ಕಿ ಅವನ ಅಂಗಿಯ ಬಲಜೇಬು ಹರಿದು ಜೋತುಬಿತ್ತು. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಮನೆಯಲ್ಲಿದ್ದ ಕಪ್ಪು ದಾರದಿಂದಲೇ ಹೊಲಿದಳು. ಹೊಲಿಗೆ ಗಟ್ಟಿಯಾಗಿತ್ತು. ಆದರೆ ‘ಗೈಡ್’ ಎಂಬ ಅಕ್ಷರಗಳ ಮೇಲೆ ಕಪ್ಪು ಗೆರೆಯೊಂದು ಹಾದುಹೋಯಿತು. ಮೇಲ್ವಿಚಾರಕರು ಅತಿಥಿಗಳ ಮುಂದೆ ಆ ಅಂಗಿ ತೊಡಕೂಡದು ಎಂದರು. ಹೊಸದು ಬರುವವರೆಗೆ ಉಳಿದ ಒಂದರಲ್ಲೇ ಅವನು ತಿಂಗಳು ಕಳೆದ. ಗುತ್ತಿಗೆ ಮುಗಿದು ಲೆಕ್ಕ ತೀರಿಸುವ ದಿನ ಉಗ್ರಾಣದವರು ರಿಜಿಸ್ಟರು ತೆರೆದರು. ಪ್ಯಾಂಟು ಎರಡು, ಟೋಪಿ ಒಂದು, ಬೆಲ್ಟು ಒಂದು, ಅಂಗಿ ಒಂದು. ಇನ್ನೊಂದು ಅಂಗಿ ಎಲ್ಲಿ ಎಂದರು. ಮನೆಯಲ್ಲಿದೆ, ಹಿಂತಿರುಗಿಸುವುದಿಲ್ಲ ಎಂದ. ರಿಜಿಸ್ಟರಿನಲ್ಲಿ ಬರೆದಿದ್ದಂತೆಯೇ ಬೆಲೆಯನ್ನು ಮುರಿದುಕೊಂಡರು; ಅವನು ವಾದಿಸಲಿಲ್ಲ.

ಈಗ ಆ ಅಂಗಿ ಹಾಡಿಯಲ್ಲಿದೆ. ಮಾಗಿಯ ಬೆಳಗುಗಳಲ್ಲಿ ಅಜ್ಜಿ ಅದನ್ನು ಸೀರೆಯ ಮೇಲೆ ತೊಟ್ಟು ಒಲೆಯ ಮುಂದೆ ಕೂರುತ್ತಾಳೆ. ಜೇನಿನ ಡಬ್ಬಿ ಪಕ್ಕದಲ್ಲೇ ಇರುತ್ತದೆ. ಅವಳ ತಂದೆಯ ಕಾಲದಿಂದ ಆ ಮನೆಯ ಬಾಗಿಲಿಗೆ ಎಷ್ಟೋ ಖಾಕಿಗಳು ಬಂದು ಹೋಗಿವೆ; ಬೆಲೆ ತೆತ್ತು ಮನೆಯವರದೇ ಆಗಿ ಉಳಿದುದು ಅದೊಂದೇ.